ವರ್ಷದ ಓದಿಗೆ ಗಂಟೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಹೊಸ ವರ್ಷ ಬಂತೆಂದರೆ ಓದುವ ಹವ್ಯಾಸವಿರುವ ಎಷ್ಟೋ ಮಂದಿ ಒಂದು ಸಂಖ್ಯೆ ಗೊತ್ತುಮಾಡಿಕೊಳ್ಳುತ್ತಾರೆ: ಈ ವರ್ಷ 50 ಪುಸ್ತಕ, ಇಲ್ಲವೇ ವಾರಕ್ಕೊಂದರಂತೆ 52. ಉತ್ಸಾಹವೇನೋ ಒಳ್ಳೆಯದೇ. ಆದರೆ ಈ ಎಣಿಕೆ 90 ಪುಟದ ನಾಟಕವನ್ನೂ 600 ಪುಟದ ಇತಿಹಾಸವನ್ನೂ ಒಂದೊಂದು ಎಂದೇ ಎಣಿಸುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಲೆಕ್ಕ ಹಿಂದೆ ಬಿತ್ತೆಂದರೆ ಕೈ ತಾನಾಗಿಯೇ ತೆಳ್ಳಗಿನ ಪುಸ್ತಕದ ಕಡೆ ಹೋಗುತ್ತದೆ. ದಪ್ಪ ಜೀವನಚರಿತ್ರೆ, ಕೋಷ್ಟಕಗಳು ತುಂಬಿದ ವಿಜ್ಞಾನದ ಪುಸ್ತಕ ಮುಂದಿನ ವರ್ಷಕ್ಕೆ ಉಳಿಯುತ್ತವೆ. ಮುಂದಿನ ವರ್ಷವೂ ಅದೇ ಪಾಡು. ಹಲವು ಪ್ರಕಾರಗಳನ್ನು ಓದಬೇಕೆನ್ನುವವರು ಪುಸ್ತಕ ಎಣಿಸುವುದನ್ನು ಬಿಟ್ಟು ಗಂಟೆ ಎಣಿಸುವುದು ಲೇಸು. ಏಕೆಂದರೆ ಒಂದೊಂದು ಪ್ರಕಾರದ ನಡಿಗೆಯೇ ಬೇರೆ.

ಮೊದಲು ನಿಮ್ಮ ಓದಿನ ವೇಗ ಎಷ್ಟೆಂದು ತಿಳಿಯಬೇಕು. ಮಾರ್ಕ್ ಬ್ರಿಸ್ಬಾರ್ಟ್ ಎಂಬ ಮನೋವಿಜ್ಞಾನಿ 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಇಂಗ್ಲಿಷನ್ನು ಮೌನವಾಗಿ ಓದುವ ವಯಸ್ಕರು ಕಥೆಯಲ್ಲದ ಬರಹವಾದರೆ ನಿಮಿಷಕ್ಕೆ ಸರಾಸರಿ 238 ಪದ ಓದುತ್ತಾರೆ, ಕಥೆ-ಕಾದಂಬರಿಯಾದರೆ 260 ಎಂದು ಲೆಕ್ಕ ಕೊಟ್ಟರು. ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡಕ್ಕೆ ಈ ಅಂಕಿಯನ್ನು ಹಾಗೇ ತಂದು ಹಾಕುವಂತಿಲ್ಲ. ಅದಕ್ಕೆ ಪದ ಬಿಟ್ಟು ಪುಟ ಎಣಿಸಿ. ಈಗ ಓದುತ್ತಿರುವ ಕಾದಂಬರಿಯನ್ನು ನಡುವಿನಿಂದ 20 ನಿಮಿಷ ಎಂದಿನಂತೆ ಓದಿ, ಎಷ್ಟು ಪುಟವಾಯಿತೆಂದು ನೋಡಿ. ಮೊದಲ ಅಧ್ಯಾಯದಲ್ಲಿ ಅಳೆಯಬೇಡಿ. ಅಲ್ಲಿ ಹೆಸರುಗಳೆಲ್ಲ ಹೊಸವು, ವೇಗ ಕಡಿಮೆ ಬರುತ್ತದೆ. ಇನ್ನೊಂದು ದಿನ ಇತಿಹಾಸದ ಪುಸ್ತಕ, ಮತ್ತೊಂದು ದಿನ ವಿಜ್ಞಾನದ ಪುಸ್ತಕ ಹಿಡಿದು ಇದೇ ರೀತಿ ಅಳೆಯಿರಿ. ಮೂರೂ ಅಂಕಿಗಳು ಬೇರೆ ಬೇರೆ ಬಂದೇ ಬರುತ್ತವೆ.

ಒಂದು ಉದಾಹರಣೆ ಹಾಕಿ ನೋಡೋಣ. ದಿನಕ್ಕೆ ಅರ್ಧ ಗಂಟೆ ಓದು. 365 ದಿನವೂ ಓದಾಗುತ್ತದೆಂದು ನಂಬಿ ಕೂರುವುದು ಬೇಡ. ಜ್ವರ, ಪ್ರಯಾಣ, ನೆಂಟರು ಎಲ್ಲ ಇರುತ್ತವೆ. 300 ದಿನ ಇಟ್ಟುಕೊಳ್ಳಿ. ಅಲ್ಲಿಗೆ ವರ್ಷಕ್ಕೆ 150 ಗಂಟೆ. ಕಾದಂಬರಿ ಗಂಟೆಗೆ 36 ಪುಟ ಸಾಗುವುದಾದರೆ 240 ಪುಟದ ಕಾದಂಬರಿಗೆ 6 ಗಂಟೆ 40 ನಿಮಿಷ ಬೇಕು. ಇತಿಹಾಸ ಗಂಟೆಗೆ 20 ಪುಟ ಎಂದರೆ 400 ಪುಟಕ್ಕೆ 20 ಗಂಟೆ, ಅಂದರೆ ಸರಿಯಾಗಿ ಮೂರು ಕಾದಂಬರಿಯ ಹೊತ್ತು. ವಿಜ್ಞಾನ ಗಂಟೆಗೆ 18 ಪುಟವಾದರೆ 240 ಪುಟಕ್ಕೆ 13 ಗಂಟೆ 20 ನಿಮಿಷ. ಈಗ 8 ಕಾದಂಬರಿ, 2 ದೊಡ್ಡ ಇತಿಹಾಸ ಅಥವಾ ಜೀವನಚರಿತ್ರೆ, 2 ವಿಜ್ಞಾನದ ಪುಸ್ತಕ ಎಂದು ಹಾಕಿದರೆ 120 ಗಂಟೆ ಮುಗಿಯುತ್ತದೆ. ಉಳಿದ 30 ಗಂಟೆಯಲ್ಲಿ ದಿನಕ್ಕೆ 5 ನಿಮಿಷದಂತೆ ಕವಿತೆಗೆ 25 ಗಂಟೆ, ನಾಟಕಕ್ಕೆ 5 ಗಂಟೆ. ಕಥಾಸಂಕಲನವೋ ಪ್ರಬಂಧವೋ ಬೇಕೆನಿಸಿದರೆ ಒಂದೆರಡು ಕಾದಂಬರಿಯನ್ನು ಕಡಿಮೆ ಮಾಡಿ. ಎಣಿಕೆಯಲ್ಲಿ ಇದು ಚಿಕ್ಕದಾಗಿ ಕಾಣುತ್ತದೆ, ಆದರೆ ಓದಿನ ಹರವು ಬಹಳ ದೊಡ್ಡದು.

ವೇಗವನ್ನೇ ಹೆಚ್ಚಿಸಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಮನೋವಿಜ್ಞಾನಿ ಕೀತ್ ರೇನರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಸಂಶೋಧನೆಗಳ ಸಮೀಕ್ಷೆ ಇದನ್ನು ಕೂಲಂಕಷವಾಗಿ ನೋಡಿದೆ. ಎರಡು ಮೂರು ಪಟ್ಟು ವೇಗವಾಗಿ ಓದಿದರೆ ಗ್ರಹಿಕೆ ತಪ್ಪದೇ ಇಳಿಯುತ್ತದೆ. ನಿಜವಾಗಿ ವೇಗ ಕೊಡುವುದು ಭಾಷೆಯ ಪರಿಚಯ, ವಿಷಯದ ಪರಿಚಯ. ಒಂದೇ ಕಾಲಘಟ್ಟದ ಬಗ್ಗೆ ಎರಡನೆಯ ಇತಿಹಾಸ ಗ್ರಂಥ ಓದುವಾಗ ಪುಟಗಳು ಸಲೀಸಾಗಿ ಸರಿಯುವುದು ಇದೇ ಕಾರಣಕ್ಕೆ.

ಇನ್ನು ವೈವಿಧ್ಯದ ಮಾತು. ‘ಎಲ್ಲ ಬಗೆಯದೂ ಓದುತ್ತೇನೆ’ ಎನ್ನುವುದು ಸುಲಭ, ಹೌದೋ ಅಲ್ಲವೋ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವನ್ನು ಗ್ರಂಥಾಲಯಗಳಲ್ಲಿ ನೋಡಿಯೇ ಇರುತ್ತೀರಿ. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯ ಅಂಕಿ ಅದು. 100 ತತ್ತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರ, 200 ಧರ್ಮ, 300 ಸಮಾಜ ವಿಜ್ಞಾನ, 400 ಭಾಷೆ, 500 ವಿಜ್ಞಾನ, 600 ತಂತ್ರಜ್ಞಾನ ಮತ್ತು ವೈದ್ಯ, 700 ಕಲೆ ಮತ್ತು ಕ್ರೀಡೆ, 800 ಸಾಹಿತ್ಯ, 900 ಇತಿಹಾಸ, ಭೂಗೋಳ, ಪ್ರವಾಸ. 000 ಸಾಮಾನ್ಯ ಕೃತಿಗಳಿಗೆ. ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಮುಂದೆ 1 ಬಂದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 4 ಪ್ರಬಂಧ, 5 ಭಾಷಣ, 6 ಪತ್ರ, 7 ಹಾಸ್ಯ. ಕಳೆದ ವರ್ಷ ಓದಿದ ಪುಸ್ತಕಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಈ ವರ್ಗದ ಮೊದಲ ಅಂಕಿಯನ್ನು ಬರೆದು ನೋಡಿ. ಪಟ್ಟಿಯ ತುಂಬ 8 ಕಂಡರೆ, ಅದರಲ್ಲೂ 3ನೆಯ ಬಗೆಯೇ ತುಂಬಿದ್ದರೆ, ಎಲ್ಲಿ ಖಾಲಿ ಇದೆಯೆಂದು ತಾನಾಗಿ ಗೊತ್ತಾಗುತ್ತದೆ. ಹತ್ತೂ ವರ್ಗವನ್ನು ಒಂದೇ ವರ್ಷದಲ್ಲಿ ತುಂಬಿಸಲು ಹೋಗಬೇಡಿ. ಹೊಸದಾಗಿ ಎರಡು ವರ್ಗ ಸೇರಿಸಿದರೆ ಸಾಕು. ಪತ್ರ ಸಾಹಿತ್ಯವನ್ನಂತೂ ನಾವು ಪೂರಾ ಮರೆತುಬಿಟ್ಟಿದ್ದೇವೆ. ದಿನಕ್ಕೊಂದು ಪತ್ರದಂತೆ ಓದಲು ಅದಕ್ಕಿಂತ ಒಳ್ಳೆಯ ಗದ್ಯ ಇನ್ನೊಂದಿಲ್ಲ ಎಂದು ನನ್ನ ಭಾವನೆ.

ಪ್ರಕಾರಗಳಿಗೆ ಬರೋಣ. ಕಾದಂಬರಿ ಕೈಬಿಟ್ಟುಹೋಗುವುದು ಸಾಮಾನ್ಯವಾಗಿ ಮೊದಲ 60–80 ಪುಟಗಳ ಒಳಗೆ. ದಿನಕ್ಕೆ ಹತ್ತು ಪುಟದಂತೆ, ನಡುವೆ ನಾಲ್ಕು ದಿನ ಬಿಟ್ಟು ಓದಿದರೆ ಯಾರು ಯಾರ ಮಗಳು, ಯಾವ ಊರಿನ ಜಗಳ ಎಂಬುದೆಲ್ಲ ಕಲಸಿಹೋಗುತ್ತದೆ. ತಪ್ಪು ಕಾದಂಬರಿಯದಲ್ಲ. ಮೊದಲ 50 ಪುಟವನ್ನು ಎರಡು ಮೂರು ದಿನದೊಳಗೆ ಓದಲು ಬಿಡುವಿದ್ದಾಗ ಮಾತ್ರ ಹೊಸ ಕಾದಂಬರಿ ಶುರುಮಾಡಿ. ಪತ್ತೇದಾರಿಗೆ ಇದು ಇನ್ನೂ ಮುಖ್ಯ. ಸುಳಿವುಗಳು ಚಿಕ್ಕವು, ತುಂಡುತುಂಡಾಗಿ ಓದಿದರೆ ಜಾರಿಹೋಗುತ್ತವೆ, ಕೊನೆಯಲ್ಲಿ ಗುಟ್ಟು ಬಯಲಾಗುವ ಘಟ್ಟ ಸಪ್ಪೆಯಾಗುತ್ತದೆ. ಅನುವಾದಿತ ಕಾದಂಬರಿಯಾದರೆ ಹೆಸರುಗಳದೇ ತೊಡಕು. ಒಂದು ಚೀಟಿಯಲ್ಲಿ ಹೆಸರು, ಮನೆಯಲ್ಲಿ ಕರೆಯುವ ಹೆಸರು, ನಂಟು ಮೂರನ್ನೂ ಬರೆದು ಪುಸ್ತಕದೊಳಗೇ ಇಡಿ. ರಷ್ಯನ್ ಕಾದಂಬರಿಯಲ್ಲಿ ಒಬ್ಬನನ್ನೇ ಹುಟ್ಟುಹೆಸರು ಮತ್ತು ತಂದೆಯ ಹೆಸರು ಸೇರಿಸಿ ಒಮ್ಮೆ, ಮುದ್ದಿನ ಹೆಸರಿನಿಂದ ಒಮ್ಮೆ, ಕುಲನಾಮದಿಂದ ಒಮ್ಮೆ ಕರೆಯುತ್ತಾರೆ. ಚೀಟಿ ಇಲ್ಲದಿದ್ದರೆ ಮೂವರು ಬೇರೆಯವರೆಂದೇ ತಿಳಿದು ಬಹಳ ದೂರ ಹೋಗಿಬಿಡುತ್ತೇವೆ.

ಹಿಡಿಸದ ಪುಸ್ತಕವನ್ನು ಎಲ್ಲಿ ಬಿಡಬೇಕು? ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಒಂದು ನಿಯಮ ಹೇಳುತ್ತಾರೆ: 50 ವರ್ಷದೊಳಗಿನವರು 50 ಪುಟ ಓದಿ ತೀರ್ಮಾನಿಸಲಿ, 50 ದಾಟಿದವರು 100ರಿಂದ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಲಿ. 70 ವರ್ಷದವರಿಗೆ 30 ಪುಟ ಸಾಕು. ಕಾದಂಬರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಇತಿಹಾಸಕ್ಕೆ ಒಗ್ಗದು, ಏಕೆಂದರೆ ಅಲ್ಲಿ ಮೊದಲ 50 ಪುಟ ಹಿನ್ನೆಲೆಗೇ ಮೀಸಲಾಗಿರುತ್ತದೆ.

ಇತಿಹಾಸವನ್ನು ಕಾದಂಬರಿಯಂತೆ ಮೊದಲ ಪುಟದಿಂದ ಹಿಡಿದುಕೊಂಡು ಹೋಗುವುದರಿಂದಲೇ ಹೆಚ್ಚಿನವರು ನಡುದಾರಿಯಲ್ಲಿ ಸೋಲುತ್ತಾರೆ. ಮೊದಲು ಪರಿವಿಡಿ, ಆಮೇಲೆ ಮುನ್ನುಡಿ, ಆಮೇಲೆ ನೇರವಾಗಿ ಕೊನೆಯ ಅಧ್ಯಾಯ ಓದಿ. ಇದು ಪತ್ತೇದಾರಿಯಲ್ಲವಲ್ಲ, ಕೊನೆ ತಿಳಿದರೆ ನಷ್ಟವಿಲ್ಲ. ಲೇಖಕರು ಏನನ್ನು ಸಾಧಿಸಹೊರಟಿದ್ದಾರೆಂದು ಗೊತ್ತಿದ್ದರೆ ನಡುವಿನ ವಿವರಗಳು ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಅರ್ಧ ಹಾಳೆಯನ್ನು ಉದ್ದಕ್ಕೆ ಮಡಿಚಿ ಎಡಕ್ಕೆ ಇಸವಿ, ಬಲಕ್ಕೆ ಘಟನೆ ಬರೆಯುತ್ತಾ ಹೋಗಿ. 15–20 ಸಾಲಿಗಿಂತ ಹೆಚ್ಚು ಬೇಡ. ಭೂಪಟದ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿಡಿ. ಅಡಿಟಿಪ್ಪಣಿಯಲ್ಲಿ ಎರಡು ಬಗೆ: ಆಕರವನ್ನಷ್ಟೇ ಹೇಳುವುದು, ವಿಷಯವನ್ನು ಬೆಳೆಸುವುದು. ಮೊದಲನೆಯದನ್ನು ದಾಟಿ, ಎರಡನೆಯದನ್ನು ಬಿಡದೆ ಓದಿ. ಆತ್ಮಕಥೆ, ಜೀವನಚರಿತ್ರೆಗಳಿಗೂ ಇಸವಿಯ ಹಾಳೆ ಬೇಕು. ಯಾವ ವರ್ಷಗಳನ್ನು ಬರೆದವರು ಒಂದೇ ವಾಕ್ಯದಲ್ಲಿ ದಾಟಿಸಿದ್ದಾರೆ ಎಂಬುದು ಅದರಲ್ಲಿ ಎದ್ದು ಕಾಣುತ್ತದೆ.

ವಿಜ್ಞಾನದ ಪುಸ್ತಕ ಕೊಳ್ಳುವ ಮುಂಚೆ ಶೀರ್ಷಿಕೆ ಪುಟದ ಹಿಂದಿರುವ ಮುದ್ರಣ ವಿವರ ನೋಡಿ. ಅಲ್ಲಿ ‘ಮರುಮುದ್ರಣ’ ಎಂದಿದ್ದರೆ ಒಳಗಿನ ಮಾತು ಹಳೆಯದೇ, ಮುದ್ರಣ ಮಾತ್ರ ಹೊಸದು. ‘ಪರಿಷ್ಕೃತ ಆವೃತ್ತಿ’ ಎಂದಿದ್ದರೆ ತಿದ್ದಿದ್ದಾರೆ ಎಂದರ್ಥ. 2004ರಲ್ಲಿ ಮೊದಲು ಬಂದು 2012ರಲ್ಲಿ ಮರುಮುದ್ರಣಗೊಂಡ ಖಗೋಳದ ಪುಸ್ತಕ ಪ್ಲೂಟೊವನ್ನು ಗ್ರಹವೆಂದೇ ಎಣಿಸುತ್ತಿರುತ್ತದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಕುಬ್ಜ ಗ್ರಹವೆಂದದ್ದು 2006ರಲ್ಲಿ. ಗುರುತ್ವ ಅಲೆಗಳನ್ನು ಉಪಕರಣಗಳು ನೇರವಾಗಿ ಹಿಡಿದದ್ದು 2015ರ ಸೆಪ್ಟೆಂಬರ್‌ನಲ್ಲಿ; ಅದಕ್ಕೆ ಮುಂಚಿನ ಪುಸ್ತಕದಲ್ಲಿ ಅದು ಇನ್ನೂ ನಿರೀಕ್ಷೆಯಾಗಿಯೇ ಇರುತ್ತದೆ. ಓದುವಾಗ ಚಿತ್ರ, ಕೋಷ್ಟಕಗಳನ್ನು ಹಾರಿಸಬೇಡಿ. ಮೂರು ಪುಟದ ವಿವರಣೆ ಒಂದು ಚಿತ್ರದಲ್ಲಿರುತ್ತದೆ. ಈ ಕಾರಣಕ್ಕೇ ವಿಜ್ಞಾನ ಆಡಿಯೊ ಪುಸ್ತಕವಾಗಿ ಸರಿಹೋಗುವುದಿಲ್ಲ. ಆತ್ಮಕಥೆ, ಪ್ರವಾಸ ಕಥನಗಳನ್ನು ಮಾತ್ರ ಧಾರಾಳವಾಗಿ ಕೇಳಬಹುದು.

ಕವಿತೆಯ ವಿಷಯದಲ್ಲಿ ಆಗುವ ಅನ್ಯಾಯವೆಂದರೆ, 60 ಕವಿತೆಯ ಸಂಕಲನವನ್ನು ಒಂದು ಸಂಜೆಯಲ್ಲಿ ಮುಗಿಸಿ ‘ಎಲ್ಲವೂ ಒಂದೇ ಥರ ಇದೆ’ ಎನ್ನುವುದು. ಹಾಗೆ ಓದಿದರೆ ಯಾರ ಕವಿತೆಯಾದರೂ ಒಂದೇ ಥರ ಕೇಳಿಸುತ್ತದೆ. 5 ನಿಮಿಷಕ್ಕೆ ಒಂದೇ ಕವಿತೆ. ಮೊದಲ ಸಲ ನಿಲ್ಲಿಸದೆ ಗಟ್ಟಿಯಾಗಿ ಓದಿ, ಅರ್ಥಕ್ಕೆ ತಡಕಾಡಬೇಡಿ. ಎರಡನೆಯ ಸಲ ಸಾಲನ್ನು ಮರೆತು ವಾಕ್ಯವನ್ನು ಹುಡುಕಿ: ಕರ್ತೃ ಯಾರು, ಕ್ರಿಯಾಪದ ಎಲ್ಲಿದೆ, ಯಾರು ಯಾರಿಗೆ ಹೇಳುತ್ತಿದ್ದಾರೆ. ಸಾಲು ಮುರಿದ ಜಾಗದಲ್ಲಿ ಎಷ್ಟೋ ಸಲ ವಾಕ್ಯ ಮುಗಿದಿರುವುದಿಲ್ಲ; ಮುಗಿದಂತೆ ಓದಿದರೆ ಅರ್ಥವೇ ತಲೆಕೆಳಗಾಗುತ್ತದೆ. ಮೂರನೆಯ ಸಲ ಮತ್ತೆ ಗಟ್ಟಿಯಾಗಿ. ಈಗ ಎಲ್ಲಿ ನಿಲ್ಲಬೇಕು, ಎಲ್ಲಿ ಒತ್ತು ಬೀಳಬೇಕು ಎಂಬುದು ಬಾಯಿಗೇ ಗೊತ್ತಿರುತ್ತದೆ. ಹಳಗನ್ನಡ ಕಾವ್ಯವಾದರೆ ದಿನಕ್ಕೆ ಒಂದು ಪದ್ಯ ಸಾಕು: ಸಂಧಿ ಬಿಡಿಸಿ ಪದಗಳನ್ನು ಬೇರೆ ಮಾಡಿ, ಅನ್ವಯ ಹಾಕಿ (ಪದಗಳನ್ನು ಗದ್ಯದ ಕ್ರಮದಲ್ಲಿ ಜೋಡಿಸಿ), ತಿಳಿಯದ ಪದಕ್ಕೆ ನಿಘಂಟು ನೋಡಿ, ಕೊನೆಗೆ ಮೂಲವನ್ನು ರಾಗವಾಗಿಯೇ ಓದಿ. ಮೊದಲ ತಿಂಗಳು ಕಷ್ಟ. ಅದೇ ಅದೇ ಪದಗಳು ಮರಳಿ ಬರತೊಡಗಿದ ಮೇಲೆ ನಿಘಂಟು ಕೆಳಗಿಡುವ ದಿನ ಬರುತ್ತದೆ, ಆಗಿನ ಸಂತೋಷ ದೊಡ್ಡದು.

ಕಥಾಸಂಕಲನಕ್ಕೂ ಇದೇ ಮಾತು: ಒಂದು ಕೂತಿಗೆ ಒಂದು ಕಥೆ. ನಾಟಕವನ್ನು ಮಾತ್ರ ಒಂದೇ ಕೂತಿಗೆ ಮುಗಿಸಬೇಕು. ಓದುವಾಗ ರಂಗದ ಮೇಲೆ ಇದ್ದೂ ಮಾತಾಡದೆ ನಿಂತಿರುವವರು ಯಾರೆಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿಕೊಳ್ಳಿ. ಪುಟದ ಮೇಲೆ ಅವರು ಕಾಣುವುದೇ ಇಲ್ಲ.

ಒಟ್ಟೊಟ್ಟಿಗೆ ಎಷ್ಟು ಪುಸ್ತಕ ಓದಬಹುದು? ಮೂರು, ಅದೂ ಮೂರೂ ಬೇರೆ ಪ್ರಕಾರದವಾದರೆ. ಎರಡು ಕಾದಂಬರಿ ಒಟ್ಟಿಗೆ ಹಿಡಿದರೆ ಒಂದರ ಪಾತ್ರ ಇನ್ನೊಂದರ ಮನೆಗೆ ಹೋಗಿ ಕೂರುತ್ತದೆ. ಇತಿಹಾಸ, ವಿಜ್ಞಾನಗಳನ್ನು ತಲೆ ಚುರುಕಾಗಿರುವ ಹೊತ್ತಿಗೆ, ಕಾದಂಬರಿಯನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು ಹೆಚ್ಚಿನವರಿಗೆ ಸರಿಬರುತ್ತದೆ.

ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ ಎಂಬ ದೂರು ಎಲ್ಲರದೂ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ದಾರಿ ತೋರಿಸುತ್ತದೆ. ವಿದ್ಯಾರ್ಥಿಗಳಲ್ಲಿ ಕೆಲವರು ಗದ್ಯಭಾಗವನ್ನು ಮತ್ತೆ ಓದಿದರು, ಕೆಲವರು ಅದನ್ನು ನೋಡದೆ ನೆನಪಿನಿಂದ ಬರೆದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಿದ್ದರು. ಗೆರೆ ಎಳೆದು ಗೆರೆಯನ್ನೇ ಮತ್ತೆ ಓದುವುದರಿಂದ ಲಾಭ ಕಡಿಮೆ. ಅಧ್ಯಾಯ ಮುಗಿದೊಡನೆ ಪುಸ್ತಕ ಮುಚ್ಚಿ ಮೂರು ವಾಕ್ಯ ಬರೆಯಿರಿ, ಆಮೇಲೆ ತೆರೆದು ಸರಿನೋಡಿ.

ಇದಕ್ಕೆ 200 ಪುಟದ ಒಂದು ನೋಟ್‌ಬುಕ್ ಸಾಕು. ಒಂದು ಪುಸ್ತಕಕ್ಕೆ ಒಂದು ಪುಟ. ಮೇಲ್ಗಡೆ ಹೆಸರು, ಲೇಖಕರು, ಅನುವಾದಕರು, ಮೂಲ ಭಾಷೆ, ಮೊದಲ ಮುದ್ರಣದ ಇಸವಿ, ಪುಟಗಳು, ಡ್ಯೂಯಿ ವರ್ಗದ ಅಂಕಿ. ಕೆಳಗೆ ತೊಡಗಿದ ದಿನ, ಮುಗಿದ ದಿನ, ತಗುಲಿದ ಗಂಟೆ. ಆಮೇಲೆ ನೆನಪಿನಿಂದ ಬರೆದ ವಾಕ್ಯಗಳು, ಮತ್ತೆ ನೋಡಬೇಕಾದ ಒಂದು ಪುಟಸಂಖ್ಯೆ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಪುಟ ಕೊಡಿ; ಎಷ್ಟನೆಯ ಪುಟದಲ್ಲಿ, ಏಕೆ ಬಿಟ್ಟಿರಿ ಎಂದು ಬರೆಯಿರಿ. ಮೂರು ತಿಂಗಳಿಗೊಮ್ಮೆ ತಿರುವಿಹಾಕಿದರೆ ನೋಟ್‌ಬುಕ್ಕೇ ಮಾತಾಡುತ್ತದೆ: ಕಳೆದ ಹತ್ತು ಪುಸ್ತಕವೂ ಈಚಿನ ದಶಕದವು, ಇಲ್ಲವೇ ಅನುವಾದ ಒಂದೂ ಇಲ್ಲ, ಇಲ್ಲವೇ ಬಿಟ್ಟದ್ದೆಲ್ಲ ದಪ್ಪ ಪುಸ್ತಕಗಳೇ. ಮುಂದಿನ ಮೂರು ತಿಂಗಳ ಆಯ್ಕೆಯನ್ನು ಅದನ್ನು ನೋಡಿ ಮಾಡಿ.

ನವೆಂಬರ್ ಮುಗಿಯುವಾಗ ಎಷ್ಟು ಗಂಟೆ ಉಳಿದಿದೆಯೆಂದು ಲೆಕ್ಕ ಹಾಕಿ. 20 ಗಂಟೆಯ ಪುಸ್ತಕವನ್ನು ಡಿಸೆಂಬರ್ 15ರಂದು ಹಿಡಿದು ವರ್ಷದೊಳಗೆ ಮುಗಿಸಬೇಕೆಂದು ಓಡಬೇಡಿ. ಅದು ಜನವರಿಗೆ ದಾಟಲಿ. ಬಳಸಿದ ಗಂಟೆ ಈ ವರ್ಷಕ್ಕೆ, ಉಳಿದದ್ದು ಮುಂದಿನ ವರ್ಷಕ್ಕೆ ಸೇರುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ಚೀಟಿ ಇಟ್ಟು, ಈವರೆಗೆ ಏನಾಗಿದೆ, ಮುಂದೆ ಯಾವ ಪ್ರಶ್ನೆಗೆ ಉತ್ತರ ಸಿಗಬೇಕಿದೆ ಎಂದು ಎರಡು ಸಾಲು ಬರೆದಿಡಿ. ವಾರ ಕಳೆದು ತೆರೆದರೂ ಹಿಂದಿನ 30 ಪುಟ ಮತ್ತೆ ಓದುವ ಕೆಲಸ ತಪ್ಪುತ್ತದೆ.

ನಮಸ್ಕಾರ.