ಎಲ್ಲಾ ಬಸ್ಸೂ ಮೆಜೆಸ್ಟಿಕ್‌ಗೆ ಹೋಗುತ್ತಾ? ಬಸವನಗುಡಿಯ ನೋಟ್‌ಬುಕ್ ಮತ್ತು ಕೊಲಾಟ್ಸ್ ಲೆಕ್ಕ

ನಮಸ್ಕಾರ. ಹೋದ ತಿಂಗಳು ಬಸವನಗುಡಿಯಿಂದ ವೀಕ್ಷಕಿಯೊಬ್ಬರು ಒಂದು ನೋಟ್‌ಬುಕ್‌ನ ಫೋಟೋ ಕಳಿಸಿದ್ರು. 40 ಪುಟ. ಅವರ ತಂದೆ ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಕಾಫಿ ಕುಡಿದು ಕೂತು ಬರೆದದ್ದು. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ 'ಕೊಲಾಟ್ಸ್ ಊಹೆಯ ಸಾಧನೆ' ಅಂತಿದೆ. ಸಾಧನೆ ಅಂದ್ರೆ ಇಲ್ಲಿ ಪ್ರೂಫ್. ಮಗಳು ಕೇಳಿದ್ದು ಇಷ್ಟೇ: "ಸರ್, ಅಪ್ಪನ ಲೆಕ್ಕ ಸರಿನಾ? ತಪ್ಪಿದ್ರೆ ಎಲ್ಲಿ ಅಂತ ಯಾರೂ ಹೇಳ್ತಿಲ್ಲ."

ಹಾಗಾದ್ರೆ ಹುಡುಕೋಣ.

ಲೆಕ್ಕ ಸುಲಭ. 1, 2, 3... ಇವುಗಳಲ್ಲಿ ಯಾವುದಾದ್ರೂ ಸಂಖ್ಯೆ ತಗೊಳ್ಳಿ. ಸಮಸಂಖ್ಯೆ ಆದ್ರೆ ಅರ್ಧ ಮಾಡಿ. ಬೆಸ ಆದ್ರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. ಇದನ್ನೇ ಮಾಡ್ತಾ ಹೋಗಿ. ಎಲ್ಲಿಂದ ಶುರು ಮಾಡಿದ್ರೂ ಕೊನೆಗೆ 1ಕ್ಕೆ ಬಂದು ನಿಲ್ತೀವಿ ಅನ್ನೋದೇ ಕೊಲಾಟ್ಸ್ ಊಹೆ. 27 ಹಾಕಿ ನೋಡಿ: 9232ರವರೆಗೂ ಏರುತ್ತೆ, 111 ಹೆಜ್ಜೆ ಆದ ಮೇಲೆ 1 ಮುಟ್ಟುತ್ತೆ. 2020ರ ಹೊತ್ತಿಗೇ 2ರ 68ನೇ ಘಾತದವರೆಗೆ, ಅಂದ್ರೆ 21 ಅಂಕಿಯ ಸಂಖ್ಯೆಗಳ ತನಕ, ಕಂಪ್ಯೂಟರ್‌ನಲ್ಲಿ ಪರೀಕ್ಷೆ ಆಗಿತ್ತು. ಎಲ್ಲವೂ 1ಕ್ಕೇ ಬಂದ್ವು. ಪ್ರೂಫ್ ಮಾತ್ರ ಇವತ್ತಿಗೂ ಇಲ್ಲ.

ನೋಟ್‌ಬುಕ್‌ನಲ್ಲಿರೋ ವಾದ ಹೀಗಿದೆ. ಒಂದು ಬೆಸ ಸಂಖ್ಯೆಯಿಂದ ಮುಂದಿನ ಬೆಸ ಸಂಖ್ಯೆಗೆ ಹೋಗೋ ಹೊತ್ತಿಗೆ, ಸರಾಸರಿ ಲೆಕ್ಕದಲ್ಲಿ ನಾವು ಮುಕ್ಕಾಲು ಪಾಲಿಗೆ ಇಳಿದಿರ್ತೀವಿ. ಇಳೀತಾ ಇಳೀತಾ 1ಕ್ಕೆ ಬರಲೇಬೇಕು. ಒಬ್ಬರೇ ಕೂತು ಇದನ್ನ ಕಂಡುಕೊಂಡಿದ್ದಾರೆ. ಗಣಿತಜ್ಞರೂ ಈ ಊಹೆಯನ್ನ ನಂಬೋದಕ್ಕೆ ಇದೇ ಕಾರಣ ಕೊಡ್ತಾರೆ.

ಈಗ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ನೆನೆಸ್ಕೊಳ್ಳಿ. ಪ್ರತಿ ಸಂಖ್ಯೆಯೂ ಒಂದು ಬಸ್ಸು, 1 ಅನ್ನೋದು ಮೆಜೆಸ್ಟಿಕ್. ಊರಿನ ಬಸ್ಸುಗಳು ಸಾಮಾನ್ಯವಾಗಿ ಮೆಜೆಸ್ಟಿಕ್ ಕಡೆಗೇ ಸಾಗ್ತಿವೆ ಅಂತ ನೀವು ಲೆಕ್ಕ ಹಾಕಿ ತೋರಿಸಿದ್ರಿ. ಆದ್ರೆ ಯಾವುದೋ ಒಂದು ಬಸ್ಸು ಔಟರ್ ರಿಂಗ್ ರೋಡ್‌ನಲ್ಲೇ ಸುತ್ತುತ್ತಾ ಇದ್ರೆ? ಇನ್ನೊಂದು ಹೊಸೂರು ರೋಡ್ ಹಿಡಿದು ವಾಪಸ್ ಬರದೇ ಹೋದ್ರೆ? ಸರಾಸರಿಗೆ ಇವೆರಡೂ ಕಾಣಲ್ಲ. ಒಂದೇ ಒಂದು ಬಸ್ಸು ಸಾಕು, ಊಹೆ ಬಿದ್ದುಹೋಗುತ್ತೆ.

"ಅಂಥ ಬಸ್ಸು ಇರೋಕೆ ಸಾಧ್ಯನಾ?" ಇಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಬರುತ್ತೆ. ದಯವಿಟ್ಟು ಪೆನ್ನು ತಗೊಳ್ಳಿ. ಒಂದು ಕೂಡಿಸೋ ಬದಲು ಒಂದು ಕಳೀರಿ. ಬೇರೇನೂ ಬದಲಾಯಿಸಬೇಡಿ. 5ರಿಂದ ಶುರು. ಮೂರೈದಲ ಹದಿನೈದು, ಒಂದು ಕಳೆದ್ರೆ 14. ಅರ್ಧ 7. ಮೂರೇಳಲ ಇಪ್ಪತ್ತೊಂದು, ಒಂದು ಕಳೆದ್ರೆ 20. ಅರ್ಧ 10. ಅರ್ಧ... 5!

[ಸ್ಕ್ರೀನ್ ಮೇಲೆ: 5 → 14 → 7 → 20 → 10 → 5]

ರಿಂಗ್ ರೋಡ್ ಬಸ್ಸು ಸಿಕ್ತು. ಇದು ಯಾವತ್ತೂ 1ಕ್ಕೆ ಬರಲ್ಲ. ಗಮನಿಸಿ, ಸರಾಸರಿ ಲೆಕ್ಕ ಇಲ್ಲೂ ಅದೇ ಮುಕ್ಕಾಲು. ನೋಟ್‌ಬುಕ್‌ನ ವಾದ ಇಲ್ಲೂ ಸಾಲಿಗೆ ಸಾಲು ಹಾಗೇ ಕೂರುತ್ತೆ, ಆದ್ರೆ ಉತ್ತರ ಸುಳ್ಳು. ಹಾಗಾಗಿ ಕೊಲಾಟ್ಸ್ ಪ್ರೂಫ್ ಬರೆದಿರೋ ಪ್ರತಿಯೊಬ್ಬರಲ್ಲೂ ನನ್ನ ಕೋರಿಕೆ ಇದು: ಆ '+1' ಎಲ್ಲಿ ಕೆಲಸ ಮಾಡ್ತಿದೆ ಅಂತ ಬೆರಳಿಟ್ಟು ತೋರಿಸಿ. ತೋರಿಸೋಕೆ ಆಗಲಿಲ್ಲ ಅಂದ್ರೆ ಪ್ರೂಫ್ ನಿಲ್ಲಲ್ಲ. 2019ರಲ್ಲಿ ಗಣಿತಜ್ಞ ಟೆರೆನ್ಸ್ ಟಾವೊ ಈ ಲೆಕ್ಕದಲ್ಲಿ ದೊಡ್ಡ ಹೆಜ್ಜೆ ಇಟ್ರು. ಅವರ ಫಲಿತಾಂಶದಲ್ಲೂ 'ಬಹುತೇಕ ಎಲ್ಲಾ ಸಂಖ್ಯೆಗಳು' ಅಂತಾನೇ ಇದೆ.

ಟೈಮ್ ಕಮ್ಮಿ ಇದೆ, ಬೇಗ ಹೇಳ್ತೀನಿ. ಹವ್ಯಾಸಿಗಳ ಕೈಯಲ್ಲಿ ಏನೂ ಆಗಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಮಾರ್ಜರಿ ರೈಸ್ ಅಮೆರಿಕದ ಗೃಹಿಣಿ. 1970ರ ದಶಕದಲ್ಲಿ, ನೆಲಕ್ಕೆ ಸಂದಿ ಬಿಡದೆ ಜೋಡಿಸಬಹುದಾದ ಪಂಚಭುಜಗಳ ನಾಲ್ಕು ಹೊಸ ಬಗೆ ಕಂಡುಹಿಡಿದ್ರು. ಇಂಗ್ಲೆಂಡಿನ ಡೇವಿಡ್ ಸ್ಮಿತ್ ಪ್ರಿಂಟಿಂಗ್ ಕೆಲಸದಿಂದ ನಿವೃತ್ತರಾದವರು. 2022ರಲ್ಲಿ ಕಾಗದ ಕತ್ತರಿಸಿ ಜೋಡಿಸ್ತಾ, ಒಂದೇ ಆಕಾರವಾದ್ರೂ ವಿನ್ಯಾಸ ಎಂದೂ ಆವರ್ತಿಸದ 13 ಬದಿಯ 'ಹ್ಯಾಟ್' ಕಂಡ್ರು. ಇಬ್ಬರೂ ಕಂಡ ಆಕಾರಗಳನ್ನ ಟೇಬಲ್ ಮೇಲಿಟ್ಟು ಎಲ್ಲರಿಗೂ ತೋರಿಸಬಹುದಿತ್ತು. 'ಎಲ್ಲಾ ಸಂಖ್ಯೆಗೂ' ಅಂತ ಸಾಧಿಸೋದು ಬೇರೆಯದೇ ಕಷ್ಟ.

ಇಂಥ ಪ್ರೂಫ್‌ಗಳಿಗೆ ಉತ್ತರ ಕೊಡೋದರ ಬಗ್ಗೆಯೂ ಒಂದು ಮಾತು. 1908ರಲ್ಲಿ ಫರ್ಮಾನ ಕೊನೆಯ ಪ್ರಮೇಯ ಅನ್ನೋ ಹಳೇ ಗಣಿತ ಸಮಸ್ಯೆಯ ಪ್ರೂಫ್‌ಗೆ ಜರ್ಮನಿಯಲ್ಲಿ ಒಂದು ಲಕ್ಷ ಮಾರ್ಕ್ ಬಹುಮಾನ ಘೋಷಿಸಿದಾಗ, ಮೊದಲ ವರ್ಷವೇ 621 ತಪ್ಪು ಪ್ರೂಫ್ ಬಂದ್ವಂತೆ. ಪ್ರೊಫೆಸರ್ ಲ್ಯಾಂಡೌ ಕಾರ್ಡ್ ಅಚ್ಚು ಹಾಕಿಸಿದ್ರು: ಮೊದಲ ತಪ್ಪು ಇಂಥ ಪುಟ, ಇಂಥ ಸಾಲಲ್ಲಿದೆ. ಪುಟ, ಸಾಲಿನ ಜಾಗ ಖಾಲಿ. ತುಂಬೋದು ವಿದ್ಯಾರ್ಥಿಗಳ ಕೆಲಸ. ಪ್ರಮೇಯವನ್ನ ಆಂಡ್ರ್ಯೂ ವೈಲ್ಸ್ ಸಾಧಿಸಿದ್ರು. 1993ರಲ್ಲಿ ಘೋಷಿಸಿದಾಗ ಅವರ ಪ್ರೂಫ್‌ನಲ್ಲೂ ಒಂದು ತೂತಿತ್ತು. ಅದನ್ನ ಮುಚ್ಚೋಕೆ 1994ರವರೆಗೆ ಹಿಡೀತು.

ಬಸವನಗುಡಿಯ ಹಿರಿಯರೇ, ನಿಮ್ಮ ನೋಟ್‌ಬುಕ್ ಎರಡು ಸಲ ಓದಿದೆ. ಪುಟ 31, ಮೇಲಿನಿಂದ ಆರನೇ ಸಾಲು: 'ಆದ್ದರಿಂದ ಪ್ರತಿ ಸಂಖ್ಯೆಯೂ ಇಳಿಯುತ್ತದೆ.' ಅಲ್ಲಿ 'ಸರಾಸರಿ' ಅನ್ನೋ ಪದ ಬಿಟ್ಟುಹೋಗಿದೆ. ಅಲ್ಲಿಯವರೆಗಿನ 30 ಪುಟದಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ.