ನಿಶಾನೆ ಕಾಣ್ಬೇಕು

ಎಲ್ಲರಿಗೂ ನಮಸ್ಕಾರ. ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ರಿಪೇರಿ ಮಾಡ್ತಾ ರೇಡಿಯೋ ಹಚ್ಚಿಟ್ಕೊಂಡವ್ರಿಗೂ, ಮೇಲೆ ಶಿರಸಿ ಕಡೆ ಅಡಿಕೆ ಸುಲೀತಾ ಕೇಳ್ತಾ ಇರೋರಿಗೂ ನಮಸ್ಕಾರ. ನಾನು ನೇವಿಯ ಸಿಗ್ನಲ್ ಬ್ರಾಂಚ್‌ನಲ್ಲಿದ್ದವ. ದುರ್ಬೀನು ಹಿಡ್ಕೊಂಡು ಅಕೋ ಅಲ್ಲಿ ಬರ್ತಾ ಇರೋ ಹಡಗು ಯಾವ ಬಾವುಟ ಹಾರಿಸಿದೆ ಅಂತ ನೋಡಿ ಹೇಳೋದೇ ನನ್ನ ನೌಕರಿ ಆಗಿತ್ತು. ಸೈನ್ಯದ ಬಾವುಟಗಳ ಡಿಸೈನು ಯಾಕೆ ಬದಲಾಗ್ತಾ ಹೋಗ್ತದೆ ಅಂತ ಮಾತಾಡಿ ಅಂದಿದ್ದಾರೆ, ಒಂದೇ ಮಾತು ಹೇಳ್ತೇನೆ, ಮತ್ತೆ ಮತ್ತೆ ಅದನ್ನೇ ಹೇಳ್ತೇನೆ. ಬಾವುಟ ದೂರದಿಂದ ಕಾಣ್ಬೇಕು, ಕಂಡ ಕೂಡ್ಲೇ ಯಾರದ್ದು ಅಂತ ಗುರ್ತು ಸಿಗ್ಬೇಕು. ಅಷ್ಟೇ.

ನಮ್ಮ ಬನವಾಸಿ ಕದಂಬರನ್ನೇ ನೋಡಿ. ಅವರ ಲಾಂಛನ ಸಿಂಹ, ಧ್ವಜದ ಮೇಲೆ ವಾನರ. ಕುದುರೆ ಧೂಳಿನ ನಡುವೆ ಸಿಕ್ಕಿಬಿದ್ದ ಸಿಪಾಯಿಗೆ ಅಕ್ಷರ ಓದ್ಲಿಕ್ಕೆ ಪುರುಸೊತ್ತು ಎಲ್ಲಿ, ಮಂಗ ಕಂಡ್ರೆ ನಮ್ಮವರು, ಆ ಕಡೆ ಓಡು. ಅದೇ ಕದಂಬರ ಹೆಸರನ್ನ ಇವತ್ತು ಇಲ್ಲಿ ಕಾರವಾರದ ನೌಕಾನೆಲೆಗೆ ಇಟ್ಟಿದ್ದಾರೆ, ಐಎನ್‌ಎಸ್ ಕದಂಬ ಅಂತ. ಸಮುದ್ರದಲ್ಲೂ ಇದೇ ಕತೆ. ಇಂಗ್ಲಿಷರ ನೇವಿಯಲ್ಲಿ ಮೊದಲು ಕೆಂಪು, ಬಿಳಿ, ನೀಲಿ ಅಂತ ಮೂರು ಬಣ್ಣದ ನಿಶಾನೆ ಇತ್ತು, 1805ರಲ್ಲಿ ಟ್ರಫಾಲ್ಗರ್ ಕದನದ ಹೊತ್ತಿಗೆ ಅವರ ನೌಕಾಪಡೆಯ ನಾಯಕ ನೆಲ್ಸನ್ ಎಲ್ಲರೂ ಬಿಳಿದೇ ಹಾರಿಸಿ ಅಂತ ಆರ್ಡರ್ ಮಾಡಿದ, ಗೊಂದಲ ಬೇಡ ಅಂತ. 1864ರಿಂದ ಅವರ ಯುದ್ಧನೌಕೆಗೆ ಬಿಳಿದೇ ಖಾಯಂ ಆಯ್ತು.

ಆ ಬಿಳಿ ಬಟ್ಟೆ, ಅದರ ಮೇಲೆ ಕೆಂಪು ಶಿಲುಬೆ, ಅದೇ ನಮಗೂ ಬಂತು. 1950 ಜನವರಿ 26ಕ್ಕೆ ಮೂಲೆಯಲ್ಲಿದ್ದ ಯೂನಿಯನ್ ಜಾಕ್ ತೆಗೆದು ತಿರಂಗ ಹಾಕಿದ್ರು, ಶಿಲುಬೆ ಹಾಗೇ ಉಳೀತು. 2001 ಆಗಸ್ಟ್ 15ಕ್ಕೆ ಅದನ್ನೂ ತೆಗೆದು ಬಿಳಿ ಮೇಲೆ ನೀಲಿ ಬಣ್ಣದಲ್ಲಿ ನೇವಿ ಲಾಂಛನ ಬರೆಸಿದ್ರು. ಬ್ರಿಟಿಷರ ಗುರುತು ಹೋಗ್ಲಿ ಅನ್ನೋದು ಸರಿಯಾದ ಆಸೆನೇ, ನಮಗೂ ಖುಷಿ ಆಗಿತ್ತು.

ಆ ಹೊತ್ತಿಗೆ ನಾನು ರಜೆ ಮೇಲೆ ಊರಿಗೆ ಬಂದೆ. ನನ್ನ ಸೋದರಮಾವ ಅಂಗಳದಲ್ಲಿ ಕೂತು ಬಲೆಗೆ ಬಾವುಟ ಕಟ್ತಾ ಇದ್ರು. ಮೀನುಗಾರರಿಗೆ ಗೊತ್ತು, ಘಟ್ಟದ ಮೇಲಿನವರಿಗೆ ಹೇಳ್ತೇನೆ, ಬಲೆ ಬಿಟ್ಟ ಜಾಗ ಗೊತ್ತಾಗ್ಲಿ ಅಂತ ಒಂದು ಬಿದಿರು ಕೋಲು, ನಡುವೆ ತೇಲ್ಲಿಕ್ಕೆ ಥರ್ಮಾಕೋಲು, ಕೆಳಗೆ ನೆಟ್ಟಗೆ ನಿಲ್ಲಿಕ್ಕೆ ಕಲ್ಲು, ತುದಿಗೆ ಬಟ್ಟೆ. ಮಾವ ಕಟ್ತಾ ಇದ್ದದ್ದು ಹರಿದ ಕೊಡೆಯ ಕಪ್ಪು ಬಟ್ಟೆ, ಎರಡು ಸೀಳು, ಎರಡು ಸೀಳಿದ್ರೆ ಅದು ನಮ್ಮ ದೋಣಿದು ಅಂತ ಬಂದರಿಗೆಲ್ಲ ಗೊತ್ತು. ನಾನು ಉಮೇದಿಯಿಂದ ಹೊಸ ನಿಶಾನೆಯ ಫೋಟೋ ತೋರಿಸ್ದೆ. ಮಾವ ಅದನ್ನ ಕಣ್ಣಿಗೆ ಹತ್ರ ಹಿಡಿದ್ರು, ಕೈ ಚಾಚಿ ದೂರ ಹಿಡಿದ್ರು, ಕೊನೆಗೆ ನನಗೆ ವಾಪಸ್ ಕೊಟ್ಟು, "ತಮಾ, ನೀರೂ ನೀಲಿ, ಮೇಲೆ ನೋಡಿದ್ರೂ ನೀಲಿ, ಇದು ಯಾರಿಗೆ ಕಾಣ್ತದೋ? ನಾ ಒಂದ್ಸಲ ನಿನ್ನ ಅತ್ತೆ ನೀಲಿ ಸೀರೆ ತುಂಡು ಕಟ್ಟಿ ಮೂರು ತಾಸು ಬಲೆ ಹುಡುಕಿದ್ದೆ" ಅಂದ್ರು. ನಾನು ಒಪ್ಲಿಲ್ಲ, ವಾದ ಮಾಡ್ದೆ. ಆಮೇಲೆ ಡ್ಯೂಟಿಗೆ ಹೋಗಿ ಬೆಳಗಿನ ಮಬ್ಬಿನಲ್ಲಿ ಇನ್ನೊಂದು ಹಡಗಿನ ಹಿಂಭಾಗಕ್ಕೆ ದುರ್ಬೀನು ಹಿಡಿದ್ರೆ ಒಂದು ಬಿಳಿ ಬಟ್ಟೆ ಪಟಪಟ ಅಂತಿದೆ, ಲಾಂಛನ ಎಲ್ಲಿ ಹೋಯ್ತೋ! ಇದೇ ತಕರಾರು ಎಲ್ಲ ಕಡೆಯಿಂದ ಬಂತು, ಸಮುದ್ರ ಆಕಾಶದ ನೀಲಿಯಲ್ಲಿ ಬಾವುಟದ ನೀಲಿ ಕರಗಿ ಹೋಗ್ತದೆ ಅಂತ. 2004 ಏಪ್ರಿಲ್‌ನಲ್ಲಿ ಕೆಂಪು ಶಿಲುಬೆ ವಾಪಸ್ ಬಂತು, ನಡುವೆ ಅಶೋಕ ಲಾಂಛನ ಸೇರಿಸಿದ್ರು. ಕೆಲವರು ಈಗಲೂ ವಾಟ್ಸಾಪಿನಲ್ಲಿ ಅದಕ್ಕೆ ಇಲ್ಲದ ಕಾರಣ ಹಚ್ತಾರೆ. ದಯವಿಟ್ಟು ಬಿಡಿ ಅದನ್ನ, ಕಾಣ್ತಿರ್ಲಿಲ್ಲ, ಹಾಗಾಗಿ ಬದಲಾಯ್ತು.

ಮಾವನ ಕತೆಯಲ್ಲೇ ಟೈಮ್ ಹೋಯ್ತು, ಗಾಜಿನ ಆಚೆಯಿಂದ ಕೈ ತೋರಿಸ್ತಾ ಇದ್ದಾರೆ. ಬೇಗ ಹೇಳ್ತೇನೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಬಾವುಟ ಉತ್ತರದವರದ್ದರ ಹಾಗೇ ಇತ್ತು, ಮನಾಸಸ್ ಕದನದ ಹೊಗೆಯಲ್ಲಿ ನಮ್ಮವರೋ ಅವರೋ ತಿಳೀಲಿಲ್ಲ, ಅದಕ್ಕೇ ಬೇರೆ ರಣಧ್ವಜ ಮಾಡ್ಕೊಂಡ್ರು. 1863ರಲ್ಲಿ ಅವರದ್ದೇ ರಾಷ್ಟ್ರಧ್ವಜ ಮುಕ್ಕಾಲು ಬಿಳಿ ಮಾಡಿದ್ರು, ಗಾಳಿ ಬಿದ್ದಾಗ ಅದು ಶರಣಾಗೋ ಬಾವುಟದ ಹಾಗೆ ಕಾಣೋದು, 1865ರಲ್ಲಿ ತುದಿಗೆ ಕೆಂಪು ಪಟ್ಟಿ ಹಚ್ಚಿದ್ರು. ವಿಮಾನದ್ದೂ ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರ ಗುರುತು ಕೆಂಪು ಉಂಡೆ, ನಮ್ಮ ಕಡೆಯ, ಅಂದ್ರೆ ಆಗ ನಮ್ಮನ್ನಾಳ್ತಿದ್ದ ಬ್ರಿಟಿಷರ ಕಡೆಯ, ವಿಮಾನದ ಗುರುತಿನ ನಡುವೆಯೂ ಕೆಂಪು ಚುಕ್ಕೆ, ತಮ್ಮವರೇ ತಮ್ಮವರಿಗೆ ಗುಂಡು ಹಾಕೋದು ಬೇಡ ಅಂತ ಆ ಕೆಂಪು ತೆಗೆದೇಬಿಟ್ರು.

ನಮ್ಮ ನೇವಿಯ ಈಗಿನ ನಿಶಾನೆ 2022 ಸೆಪ್ಟೆಂಬರ್ 2ಕ್ಕೆ ಕೊಚ್ಚಿಯಲ್ಲಿ, ವಿಕ್ರಾಂತ್ ನೌಕೆ ಸೇವೆಗೆ ಸೇರಿದ ದಿನ ಬಂತು. ಶಿಲುಬೆ ಇಲ್ಲ. ಮೂಲೆಯಲ್ಲಿ ತಿರಂಗ, ಇನ್ನೊಂದು ಕಡೆ ನೀಲಿ ಅಷ್ಟಕೋನ, ಸುತ್ತ ಎರಡು ಚಿನ್ನದ ಅಂಚು, ಅದು ಶಿವಾಜಿ ಮಹಾರಾಜರ ಮುದ್ರೆಯಿಂದ ತಗೊಂಡದ್ದು, ಒಳಗೆ ಲಂಗರು, ಕೆಳಗೆ 'ಶಂ ನೋ ವರುಣಃ', ಅಂದ್ರೆ ವರುಣ ನಮಗೆ ಒಳ್ಳೇದು ಮಾಡ್ಲಿ ಅಂತ. ಮತ್ತೆ ನೀಲಿನಾ ಅಂತ ನನಗೆ ಸುಮಾರು ಜನ ಕೇಳಿದ್ದಾರೆ. ಅಂದಿನದ್ದು ಬಿಳಿ ಮೇಲೆ ನೀಲಿ ಗೆರೆ, ಇದು ಒಳಗೆಲ್ಲ ತುಂಬಿದ ಗಾಢ ನೀಲಿ, ಬಿಳಿ ಮೇಲೆ ಕಪ್ಪಗೆ ಗಟ್ಟಿಯಾಗಿ ನಿಲ್ತದೆ. ಮೊನ್ನೆ ಟಾಗೋರ್ ಬೀಚಿನಲ್ಲಿ ಮೊಮ್ಮಗಳ ಜೊತೆ ನಿಂತಿದ್ದೆ, ದೇವಗಡ ದೀಪದ ಕಡೆಯಿಂದ ಒಂದು ಹಡಗು ಬರ್ತಾ ಇತ್ತು, ದುರ್ಬೀನು ಅವಳ ಕೈಲಿ ಕೊಟ್ಟು ಏನು ಕಾಣ್ತದೆ ಕೇಳ್ದೆ. "ಬಿಳಿ ಬಟ್ಟೆ, ಅದ್ರಲ್ಲಿ ಕಪ್ಪು ಚುಕ್ಕಿ ಅಜ್ಜಾ" ಅಂದ್ಲು. ಮಾವ ಈಗಿಲ್ಲ, ಇದ್ದಿದ್ರೆ ಅವತ್ತೇ ಮನೆಗೆ ಹೋಗಿ ಹೇಳ್ತಿದ್ದೆ. ನಮಸ್ಕಾರ.