ಸೀಲಿಂಗಿನೊಳಗೆ ಬಲ್ಬಿಗೂ ಸೆಕೆ

ಕೇಳುಗರಿಗೆ ನಮಸ್ಕಾರ. ಒಮ್ಮೆ ತಲೆ ಎತ್ತಿ ನೋಡಿ. ಫಾಲ್ಸ್ ಸೀಲಿಂಗಿನ ಗುಂಡನೆಯ ತೂತುಗಳಲ್ಲಿ ಹುದುಗಿ ಕೂತ ದೀಪಗಳಿವೆಯಾ? ಹಳೇ ಹ್ಯಾಲೊಜೆನ್ ಆಗಿದ್ದರೆ ಒಂದೊಂದೂ ಸಾಮಾನ್ಯವಾಗಿ 50 ವಾಟ್ ನುಂಗುತ್ತದೆ. ಅಷ್ಟೇ ಬೆಳಕಿಗೆ ಎಲ್‌ಇಡಿಗೆ 6 ವಾಟ್ ಆಸುಪಾಸು ಸಾಕು. ಆರು ದೀಪ, ದಿನಕ್ಕೆ ಐದು ಗಂಟೆ ಅಂದುಕೊಳ್ಳಿ. ತಿಂಗಳಿಗೆ 45 ಯೂನಿಟ್ ಆಗುತ್ತಿದ್ದದ್ದು ಐದೂವರೆ ಯೂನಿಟ್‌ನೊಳಗೇ ಮುಗಿಯುತ್ತದೆ.

ಸರಿ, ಹಳೇದು ತೆಗೆದು ಹೊಸದು ಹಾಕಿದರಾಯಿತು, ಅಲ್ವಾ? ನಾನೂ ಹಾಗೇ ಏಣಿ ಹತ್ತಿದೆ. ಆರೂ ಬದಲಾಯಿಸಿ ಸ್ವಿಚ್ ಹಾಕಿದರೆ ಎಲ್ಲವೂ ಪಿಳಿಪಿಳಿ ಕಣ್ಣು ಮಿಟುಕಿಸತೊಡಗಿದವು! ಬಲ್ಬೇ ಕೆಟ್ಟದ್ದು ಅಂತ ಸುಮ್ನೆ ಬೈದುಕೊಂಡೆ. ನಮ್ಮನೆಯವು ಸೂಜಿಯಂಥ ಎರಡು ಪಿನ್ನಿನ, 12 ವೋಲ್ಟಿನ ಬಲ್ಬುಗಳು. ಒಂದೊಂದಕ್ಕೂ ಸೀಲಿಂಗಿನ ಮೇಲೆ ಪುಟ್ಟ ಟ್ರಾನ್ಸ್‌ಫಾರ್ಮರ್. ಹ್ಯಾಲೊಜೆನ್‌ಗಾಗಿ ಮಾಡಿದ ಅದಕ್ಕೆ ಕನಿಷ್ಠ 20 ವಾಟ್ ಲೋಡ್ ಬೇಕು. ಆರೇ ವಾಟ್ ಕೊಟ್ಟರೆ ತಡವರಿಸುತ್ತದೆ. ಎಲೆಕ್ಟ್ರಿಷಿಯನ್ ಬಂದು ಅದರ ಜಾಗದಲ್ಲಿ ಎಲ್‌ಇಡಿ ಡ್ರೈವರ್, ಅಂದರೆ ಎಲ್‌ಇಡಿಗೆ ತಕ್ಕಂತೆ ಕರೆಂಟ್ ಕೊಡುವ ಪುಟ್ಟ ಪೆಟ್ಟಿಗೆ, ಕೂರಿಸಿದ ಮೇಲೆ ಮಿಟುಕಾಟ ನಿಂತಿತು. ಒತ್ತಿ ತಿರುಗಿಸಿ ಕೂರಿಸುವ, ದಪ್ಪ ಪಿನ್ನಿನ ಬಲ್ಬುಗಳಿಗೆ ಈ ರಗಳೆ ಇಲ್ಲ. ಅವು ಮನೆಯ ಕರೆಂಟಿನಲ್ಲೇ ನೇರ ಉರಿಯುತ್ತವೆ. ಬೆಳಕು ಹೆಚ್ಚುಕಮ್ಮಿ ಮಾಡುವ ಡಿಮ್ಮರ್ ಸ್ವಿಚ್ ಇದ್ದರೆ ಮಾತ್ರ ಡಬ್ಬಿಯ ಮೇಲೆ ‘ಡಿಮ್ಮಬಲ್’ ಅಂತ ಇದೆಯಾ ನೋಡಿಕೊಳ್ಳಿ.

ಇನ್ನು ಬಿಸಿಯ ವಿಷಯ. ಎಲ್‌ಇಡಿ ತಣ್ಣಗಿರುತ್ತೆ ಅಂತಾರೆ. ಉರಿಯುವಾಗ ಕೆಳಗೆ ಅಂಗೈ ಹಿಡಿದರೆ ನಿಜ ಅನ್ನಿಸುತ್ತದೆ. ಆದರೆ ಅದರ ಬಿಸಿಯೆಲ್ಲ ಬೆನ್ನಿಗೆ ಇಳಿಯುತ್ತದೆ. ಬಲ್ಬಿನ ಹಿಂದೆ ರೆಕ್ಕೆರೆಕ್ಕೆಯಾಗಿ ಲೋಹ ಇರುತ್ತದಲ್ಲ, ಅದು ಅಂದಕ್ಕಲ್ಲ, ಬಿಸಿ ಗಾಳಿಗೆ ಬಿಡಲಿಕ್ಕೆ. ಗಾಳಿಯೇ ಆಡದ ಗೂಡಿನಲ್ಲಿ ಪಾಪ, ಅದು ಎಲ್ಲಿಗೆ ಬಿಟ್ಟೀತು? ಒಳಗಿನ ಪುಟ್ಟ ಸರ್ಕ್ಯೂಟ್ ಬೆಂದುಹೋಗುತ್ತದೆ. ಡಬ್ಬಿಯ ಮೇಲೆ 15,000 ಗಂಟೆ ಅಂತಿದ್ದ ಬಲ್ಬು ವರ್ಷದೊಳಗೆ ಕೈಕೊಡುವುದು ಬಹಳ ಸಲ ಹೀಗೇ. ಮುಚ್ಚಿದ ಫಿಟ್ಟಿಂಗಿಗೂ ಆಗುತ್ತದೆ ಅಂತ ಬರೆದಿರುವ ಬಲ್ಬನ್ನೇ ಕೇಳಿ ತನ್ನಿ.

ಬೆಳಕಿನ ಬಣ್ಣವನ್ನೂ ಮರೆಯಬೇಡಿ, ಅದರ ಅಳತೆ ಕೆಲ್ವಿನ್. 2700 ಕೆಲ್ವಿನ್ ಅಂದರೆ ಹಳೇ ಬಲ್ಬಿನ ಹೊಂಬೆಳಕು. 6500 ಅಂದರೆ ನೀಲಿ ಬೆರೆತ ಬಿಳಿ. ಮಲಗುವ ಕೋಣೆಗೆ ಅದು ನನಗಂತೂ ಬೇಡ. ಮೊದಲು ಒಂದೇ ಬಲ್ಬು ತಂದು ಹಾಕಿ, ಒಂದು ಸಂಜೆ ಅದರಡಿ ಕೂತು ನೋಡಿ. ಮಿಟುಕದೆ, ಕಣ್ಣಿಗೆ ಹಿತವಾಗಿದ್ದರೆ ಉಳಿದ ಐದನ್ನು ತನ್ನಿ. ನಮಸ್ಕಾರ.